ಚೌಕ ಚೌಕವಾಗಿ ಹಂಚಿಹೋದ ನೆಲ: ಅಮೆರಿಕದ ಪಶ್ಚಿಮ ವಿಸ್ತರಣೆಯ ಹಿಂದುಮುಂದು

ಷಿಕಾಗೋದಿಂದ ಡೆನ್ವರ್ ಕಡೆಗೆ ಹಗಲು ಹೊತ್ತಿನಲ್ಲಿ ವಿಮಾನದಲ್ಲಿ ಹೋಗುವವರು ಕಿಟಕಿಯಿಂದ ಕೆಳಗೆ ನೋಡಿದರೆ ನೆಲದ ತುಂಬ ಚೌಕಗಳೇ ಕಾಣುತ್ತವೆ. ಹೊಲ, ರಸ್ತೆ, ಬೇಲಿ, ಊರು ಎಲ್ಲವೂ ನೂಲು ಹಿಡಿದು ಗೆರೆ ಎಳೆದಂತೆ ಉತ್ತರ-ದಕ್ಷಿಣವಾಗಿ, ಪೂರ್ವ-ಪಶ್ಚಿಮವಾಗಿ ಕುಳಿತಿವೆ. ನಮ್ಮ ಊರುಗಳ ಹೊಲಗಳಂತೆ ಹಳ್ಳದ ಬಾಗು, ದಿನ್ನೆಯ ಇಳಿಜಾರು ನೋಡಿಕೊಂಡು ಕಾಲಕ್ರಮದಲ್ಲಿ ರೂಪುಗೊಂಡ ಗಡಿಗಳಲ್ಲ ಅವು. ಹೊಸ ಒಡೆಯರು ಬಂದು ಕಾಲಿಡುವ ಮೊದಲೇ ಕಾಗದದ ಮೇಲೆ ಬಿದ್ದ ಗೆರೆಗಳು.

ಈ ಗೆರೆಗಳಿಗೆ ಮೂಲ 1785ರ ಭೂ ಕಾಯಿದೆ. ಬ್ರಿಟನ್ನಿನಿಂದ ಬಿಡುಗಡೆ ಪಡೆದ ಹದಿಮೂರು ರಾಜ್ಯಗಳ ಒಕ್ಕೂಟಕ್ಕೆ ಆಗ ತೆರಿಗೆ ವಿಧಿಸುವ ಅಧಿಕಾರವಿರಲಿಲ್ಲ. ಯುದ್ಧದ ಸಾಲ ಮಾತ್ರ ಬೆಟ್ಟದಷ್ಟಿತ್ತು. ಕೈಯಲ್ಲಿದ್ದ ಒಂದೇ ಆಸ್ತಿಯೆಂದರೆ 1783ರ ಪ್ಯಾರಿಸ್ ಒಪ್ಪಂದದಲ್ಲಿ ದೊರೆತ, ಮಿಸಿಸಿಪ್ಪಿ ನದಿಯವರೆಗಿನ ಭೂಮಿ. ಅದನ್ನು ಅಳೆದು ಮಾರುವುದೆಂದು ತೀರ್ಮಾನವಾಯಿತು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಒಂದೊಂದು ಘಟಕ. ಅದರೊಳಗೆ ತಲಾ 640 ಎಕರೆಯ 36 ಚೌಕಗಳು. ಹದಿನಾರನೆಯ ಚೌಕ ಶಾಲೆಗೆ ಮೀಸಲು. ಎಕರೆಗೆ ಕನಿಷ್ಠ ಒಂದು ಡಾಲರ್‌ನಂತೆ ಹರಾಜು. ಭೂಮಾಪಕರು 66 ಅಡಿಯ ಸರಪಳಿ ಎಳೆದುಕೊಂಡು ಒಹೈಯೋ ನದಿಯ ದಡದಿಂದ ಕೆಲಸ ಆರಂಭಿಸಿದರು.

ಅಳತೆಗೆ ಬಂದ ಆ ನೆಲದಲ್ಲಿ ಜನರಿದ್ದರು. ಷಾನಿ, ಮಯಾಮಿ, ಡೆಲವೇರ್ ಮುಂತಾದ ಸಮುದಾಯಗಳು ಅಲ್ಲಿ ಜೋಳ ಬೆಳೆದು, ಬೇಟೆಯಾಡಿ ಬದುಕಿದ್ದವು. ಪ್ಯಾರಿಸ್ಸಿನಲ್ಲಿ ಸಹಿ ಹಾಕಿದವರಲ್ಲಿ ಅವರ ಕಡೆಯವರು ಒಬ್ಬರೂ ಇರಲಿಲ್ಲ. ಮುಂದಿನ ನೂರು ವರ್ಷಗಳ ಕಥೆಯ ಬೀಜ ಇಲ್ಲಿದೆ: ಒಬ್ಬರು ಬದುಕುತ್ತಿದ್ದ ನೆಲಕ್ಕೆ ಇನ್ನೊಬ್ಬರು ಹಕ್ಕುಪತ್ರ ಬರೆದು ಮೂರನೆಯವರಿಗೆ ಮಾರುವುದು.

ಜನರನ್ನು ಪಶ್ಚಿಮಕ್ಕೆ ತಳ್ಳಿದ್ದು ಯಾವುದು?

ಸ್ವಾತಂತ್ರ್ಯಕ್ಕೆ ಮೊದಲೇ ಈ ಹಸಿವು ಕಾಣಿಸಿಕೊಂಡಿತ್ತು. 1763ರಲ್ಲಿ ಬ್ರಿಟಿಷ್ ದೊರೆ ಅಪಲೇಚಿಯನ್ ಪರ್ವತಗಳಾಚೆ ನೆಲೆಸಕೂಡದೆಂದು ಘೋಷಣೆ ಹೊರಡಿಸಿದ್ದು ವಸಾಹತುಗಾರರ ಕೋಪಕ್ಕೆ ಒಂದು ಕಾರಣವಾಗಿತ್ತು. ಆ ತಡೆ ಹೋದ ಮೇಲೆ ಜನ ಪರ್ವತ ದಾಟಿದರು. 1790ರಲ್ಲಿ ಸುಮಾರು 39 ಲಕ್ಷವಿದ್ದ ದೇಶದ ಜನಸಂಖ್ಯೆ 1860ರ ಹೊತ್ತಿಗೆ 3 ಕೋಟಿ 14 ಲಕ್ಷಕ್ಕೆ ಏರಿತು. ತುಂಬು ಕುಟುಂಬಗಳಲ್ಲಿ ಮಕ್ಕಳಿಗೆಲ್ಲ ಹಂಚುವಷ್ಟು ಭೂಮಿ ಪೂರ್ವದಲ್ಲಿರಲಿಲ್ಲ. ವರ್ಜೀನಿಯಾದಂಥ ಕಡೆಗಳಲ್ಲಿ ತಲೆಮಾರುಗಳ ಹೊಗೆಸೊಪ್ಪಿನ ಬೇಸಾಯದಿಂದ ಮಣ್ಣು ಸತ್ತ್ವ ಕಳೆದುಕೊಂಡಿತ್ತು. 1840ರ ದಶಕದಲ್ಲಿ ಬರಗಾಲದಿಂದ ಕಂಗೆಟ್ಟ ಐರಿಷ್ ಜನ, ರಾಜಕೀಯ ತಳಮಳದಿಂದ ಬೇಸತ್ತ ಜರ್ಮನ್ನರು ಹಡಗು ಹಡಗಾಗಿ ಬಂದಿಳಿದರು.

ಇದರೊಂದಿಗೆ ಕಾನೂನಿನ ಒಂದು ಜಾಣ ಏರ್ಪಾಡೂ ಇತ್ತು. 1787ರ ಶಾಸನದ ಪ್ರಕಾರ ಹೊಸ ಪ್ರದೇಶವೊಂದರಲ್ಲಿ ಸ್ವತಂತ್ರ ನಿವಾಸಿಗಳ ಸಂಖ್ಯೆ 60 ಸಾವಿರ ಮುಟ್ಟಿದರೆ ಅದು ಹಳೆಯ ರಾಜ್ಯಗಳಿಗೆ ಸರಿಸಮನಾದ ರಾಜ್ಯವಾಗಿ ಒಕ್ಕೂಟ ಸೇರಬಹುದಿತ್ತು. ಪಶ್ಚಿಮಕ್ಕೆ ಹೋದವನು ಮತದಾನದ ಹಕ್ಕನ್ನು ಪೂರ್ವದಲ್ಲಿ ಬಿಟ್ಟು ಹೋಗಬೇಕಿರಲಿಲ್ಲ. ಯುರೋಪಿನ ಸಾಮ್ರಾಜ್ಯಗಳು ವಸಾಹತುಗಳನ್ನು ಕೈಕೆಳಗೆ ಇಟ್ಟುಕೊಂಡರೆ ಅಮೆರಿಕ ಅವನ್ನು ಅರಗಿಸಿಕೊಂಡಿತು. ಆ ವಿಸ್ತರಣೆ ಇಷ್ಟು ಗಟ್ಟಿಯಾಗಿ ನಿಂತದ್ದು ಈ ಕಾರಣದಿಂದಲೇ. ಓಹೈಯೋ ನದಿಯ ಉತ್ತರಕ್ಕೆ ಗುಲಾಮಗಿರಿಯನ್ನು ನಿಷೇಧಿಸಿದ್ದೂ ಇದೇ ಶಾಸನ. ಆ ಒಂದು ಷರತ್ತು ಮುಂದೆ ಎಂಥ ಬಿರುಗಾಳಿ ಎಬ್ಬಿಸೀತೆಂದು ಆಗ ಯಾರೂ ಎಣಿಸಿರಲಿಕ್ಕಿಲ್ಲ.

ಮೊದಲ ದೊಡ್ಡ ನೆಗೆತ ಆಕಸ್ಮಿಕವೆಂಬಂತೆ ಒದಗಿತು. ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ರಾಯಭಾರಿಗಳಾದ ರಾಬರ್ಟ್ ಲಿವಿಂಗ್‌ಸ್ಟನ್ ಮತ್ತು ಜೇಮ್ಸ್ ಮನ್ರೋ ಅವರಿಗೆ ಬೇಕಿದ್ದುದು ಮಿಸಿಸಿಪ್ಪಿಯ ಮುಖದಲ್ಲಿದ್ದ ನ್ಯೂ ಆರ್ಲಿಯನ್ಸ್ ಬಂದರು ಮಾತ್ರ. ಆದರೆ ನೆಪೋಲಿಯನ್‌ನ ಲೆಕ್ಕಾಚಾರ ಬುಡಮೇಲಾಗಿತ್ತು. ಕೆರಿಬಿಯನ್ ದ್ವೀಪದ ಹೈಟಿಯಲ್ಲಿ ದಂಗೆಯೆದ್ದ ಗುಲಾಮರೂ ಅಲ್ಲಿನ ಹಳದಿ ಜ್ವರವೂ ಸೇರಿ ಫ್ರಾನ್ಸಿನ ಸೇನೆಯನ್ನು ನುಂಗಿಹಾಕಿದ್ದವು. ಯುರೋಪಿನಲ್ಲಿ ಮತ್ತೊಂದು ಯುದ್ಧ ಹೊಸ್ತಿಲಲ್ಲಿತ್ತು. ಆತ ಇಡೀ ಲೂಸಿಯಾನಾ ಪ್ರಾಂತ್ಯವನ್ನೇ ಮಾರಲು ಮುಂದಾದ. 1803ರಲ್ಲಿ ಒಂದೂವರೆ ಕೋಟಿ ಡಾಲರ್‌ಗೆ ಸುಮಾರು 8 ಲಕ್ಷ 28 ಸಾವಿರ ಚದರ ಮೈಲಿ ಕೈಸೇರಿತು. ದೇಶದ ವಿಸ್ತೀರ್ಣ ಒಮ್ಮೆಲೇ ಇಮ್ಮಡಿಯಾಯಿತು. ನಿಜ ಹೇಳಬೇಕೆಂದರೆ ಫ್ರಾನ್ಸ್ ಮಾರಿದ್ದು ಆ ನೆಲದ ಮೇಲಿನ ತನ್ನ ದಾವೆಯನ್ನು. ನೆಲದ ಬಹುಭಾಗವನ್ನು ಫ್ರೆಂಚರು ಕಣ್ಣಾರೆ ಕಂಡೂ ಇರಲಿಲ್ಲ. ಏನು ಕೊಂಡೆವೆಂದು ನೋಡಿ ಬರಲು ಮೆರಿವೆದರ್ ಲೂಯಿಸ್, ವಿಲಿಯಂ ಕ್ಲಾರ್ಕ್ 1804ರ ಮೇ ತಿಂಗಳಲ್ಲಿ ಹೊರಟು ಪೆಸಿಫಿಕ್ ಮುಟ್ಟಿ 1806ರ ಸೆಪ್ಟೆಂಬರ್‌ನಲ್ಲಿ ಹಿಂತಿರುಗಿದರು. ದಾರಿಯಲ್ಲಿ ಅವರಿಗೆ ನೆರವಾದ ಶೊಶೋನಿ ಹೆಣ್ಣುಮಗಳು ಸಕಾಜವಿಯ ಆಗ ಹಾಲುಗೂಸಿನ ತಾಯಿ.

ಹತ್ತಿಯ ದಾರಿ, ಕಣ್ಣೀರಿನ ದಾರಿ

ಪಶ್ಚಿಮ ಎಂದೊಡನೆ ಸಿನಿಮಾ ನೋಡಿದವರ ಕಣ್ಣಿಗೆ ಕುದುರೆ, ಟೊಪ್ಪಿಗೆ, ಪಿಸ್ತೂಲು ಕಟ್ಟುತ್ತವೆ. ಹತ್ತೊಂಬತ್ತನೇ ಶತಮಾನದ ಮೊದಲಾರ್ಧದ ನಿಜವಾದ ಪಶ್ಚಿಮ ಬೇರೆಯೇ ಇತ್ತು. ಅಲಬಾಮಾ, ಮಿಸಿಸಿಪ್ಪಿ, ಲೂಸಿಯಾನಾಗಳ ಕಪ್ಪು ಮಣ್ಣಿನಲ್ಲಿ ಅದು ಹತ್ತಿಯ ರೂಪದಲ್ಲಿ ಹಬ್ಬುತ್ತಿತ್ತು. 1793ರಲ್ಲಿ ಎಲಿ ವಿಟ್ನಿ ಬೀಜದಿಂದ ಅರಳೆ ಬಿಡಿಸುವ ಜಿನ್ ಯಂತ್ರವನ್ನು ರೂಪಿಸಿದ ಮೇಲೆ, ಒಳನಾಡಿನ ಗಿಡ್ಡ ಎಳೆಯ ಹತ್ತಿಯೂ ಲಾಭ ತರುವ ಬೆಳೆಯಾಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಎಷ್ಟಿದ್ದರೂ ಸಾಲದು. 1860ರ ವೇಳೆಗೆ ಅಮೆರಿಕ ವರ್ಷಕ್ಕೆ ಸುಮಾರು 40 ಲಕ್ಷ ಬೇಲು ಹತ್ತಿ ಬೆಳೆಯುತ್ತಿತ್ತು. ಬ್ರಿಟನ್ ಆಮದು ಮಾಡುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಅಲ್ಲಿಂದಲೇ ಬರುತ್ತಿತ್ತು.

ಇದನ್ನು ಬೆಳೆದ ಕೈಗಳು ಗುಲಾಮರವು. 1790ರಿಂದ 1860ರ ನಡುವೆ ಸುಮಾರು 10 ಲಕ್ಷ ಕಪ್ಪು ಜನರನ್ನು ವರ್ಜೀನಿಯಾ, ಮೇರಿಲ್ಯಾಂಡ್‌ಗಳಂಥ ಹಳೆಯ ರಾಜ್ಯಗಳಿಂದ ಹೊಸ ಹತ್ತಿ ಸೀಮೆಗೆ ಸಾಗಿಸಲಾಯಿತು. ಕೆಲವರನ್ನು ಒಡೆಯರೇ ಜೊತೆಗೆ ಕರೆದೊಯ್ದರೆ ಬಹಳಷ್ಟು ಜನರನ್ನು ವ್ಯಾಪಾರಿಗಳು ಸರಪಳಿ ಬಿಗಿದು ನಡೆಸಿದರು. ಗಂಡನೊಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ ಮಾರಾಟವಾಗುವುದು ಮಾಮೂಲಾಗಿತ್ತು. ಪಶ್ಚಿಮದ ವಲಸೆ ಎಂದರೆ ಸ್ವಂತ ಇಚ್ಛೆಯ ಸಾಹಸವೆಂದು ಬಣ್ಣಿಸುವವರು ಈ ಹತ್ತು ಲಕ್ಷ ಜನರನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹತ್ತಿಗೆ ಬೇಕಾದ ಆ ನೆಲದಲ್ಲಿ ಚೆರೋಕಿ, ಕ್ರೀಕ್, ಚೊಕ್ಟಾ, ಚಿಕಸಾ, ಸೆಮಿನೋಲ್ ಜನಾಂಗಗಳಿದ್ದವು. ಇವರಲ್ಲಿ ಚೆರೋಕಿಗಳ ಕಥೆ ವಿಶೇಷವಾಗಿ ನೋಯಿಸುವಂಥದು. ಏಕೆಂದರೆ ಬಿಳಿಯರು ‘ನಾಗರಿಕರಾಗಿರಿ’ ಎಂದು ಉಪದೇಶಿಸಿದ್ದನ್ನೆಲ್ಲ ಅವರು ಮಾಡಿ ತೋರಿಸಿದ್ದರು. ಸೆಕ್ವೋಯ ಎಂಬಾತ 1821ರ ಸುಮಾರಿಗೆ ಒಂದೊಂದು ಉಚ್ಚಾರಕ್ಕೆ ಒಂದೊಂದು ಅಕ್ಷರವಿರುವ ಲಿಪಿಯನ್ನು ಒಬ್ಬನೇ ರಚಿಸಿದ. ಕೆಲವೇ ವರ್ಷಗಳಲ್ಲಿ ಆ ಜನ ಓದು ಬರಹ ಕಲಿತರು. 1827ರಲ್ಲಿ ಲಿಖಿತ ಸಂವಿಧಾನ, 1828ರಲ್ಲಿ ‘ಚೆರೋಕಿ ಫೀನಿಕ್ಸ್’ ಎಂಬ ದ್ವಿಭಾಷಾ ಪತ್ರಿಕೆ ಬಂದವು. ಅವರಲ್ಲಿನ ಸ್ಥಿತಿವಂತರು ಹತ್ತಿ ತೋಟಗಳನ್ನೂ ಗುಲಾಮರನ್ನೂ ಇಟ್ಟುಕೊಂಡಿದ್ದರು. ಅಷ್ಟರಮಟ್ಟಿಗೆ ಅನುಕರಣೆ ನಡೆದಿತ್ತು.

ಅದಾವುದೂ ಉಪಯೋಗಕ್ಕೆ ಬರಲಿಲ್ಲ. 1829ರಲ್ಲಿ ಅವರ ಸೀಮೆಯ ಬೆಟ್ಟಗಳಲ್ಲಿ ಚಿನ್ನವೂ ಸಿಕ್ಕಿತು. ಮರುವರ್ಷ ಮೇ 28ರಂದು ಅಧ್ಯಕ್ಷ ಆಂಡ್ರೂ ಜಾಕ್ಸನ್ ಮೂಲನಿವಾಸಿಗಳನ್ನು ಮಿಸಿಸಿಪ್ಪಿಯ ಆಚೆಗೆ ಸ್ಥಳಾಂತರಿಸುವ ಕಾಯಿದೆಗೆ ಸಹಿ ಹಾಕಿದರು. ಚೆರೋಕಿಗಳು ನ್ಯಾಯಾಲಯದ ಮೊರೆಹೊಕ್ಕರು. 1832ರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಅವರ ಪೀಠ, ಚೆರೋಕಿ ನೆಲದಲ್ಲಿ ಜಾರ್ಜಿಯಾ ರಾಜ್ಯದ ಕಾನೂನು ನಡೆಯದೆಂದು ತೀರ್ಪಿತ್ತಿತು. ಜಾರ್ಜಿಯಾ ಲಾಟರಿ ಎತ್ತಿ ಆ ನೆಲವನ್ನು ಬಿಳಿಯರಿಗೆ ಹಂಚುತ್ತಲೇ ಇತ್ತು. 1835ರಲ್ಲಿ ಚಿಕ್ಕ ಗುಂಪೊಂದರಿಂದ ಒಪ್ಪಂದಕ್ಕೆ ಸಹಿ ಪಡೆಯಲಾಯಿತು. ಅದರ ವಿರುದ್ಧ 15 ಸಾವಿರಕ್ಕೂ ಹೆಚ್ಚು ಚೆರೋಕಿಗಳು ಮನವಿ ಸಲ್ಲಿಸಿದರೂ ಸೆನೆಟ್ ಒಂದೇ ಮತದ ಅಂತರದಿಂದ ಒಪ್ಪಂದವನ್ನು ಅನುಮೋದಿಸಿತು.

1838ರ ಬೇಸಿಗೆಯಲ್ಲಿ ಸೈನಿಕರು ಮನೆ ಮನೆಗೆ ಬಂದು ಜನರನ್ನು ಎಬ್ಬಿಸಿ ಶಿಬಿರಗಳಿಗೆ ತುಂಬಿದರು. ಸುಮಾರು 16 ಸಾವಿರ ಮಂದಿಯನ್ನು ಈಗಿನ ಒಕ್ಲಹೋಮಕ್ಕೆ ಸಾಗಿಸಲಾಯಿತು. ಹೆಚ್ಚಿನವರು ಕೊರೆಯುವ ಚಳಿಯಲ್ಲಿ ಕಾಲ್ನಡಿಗೆಯಲ್ಲೇ ಹೋದರು. ಶಿಬಿರದ ಭೇದಿ, ದಾರಿಯ ಹಿಮ, ಹಸಿವುಗಳಿಗೆ ಸುಮಾರು 4 ಸಾವಿರ ಜನ ಬಲಿಯಾದರೆಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅಂದಾಜು. ‘ಕಣ್ಣೀರಿನ ದಾರಿ’ ಎಂಬ ಹೆಸರು ಉಳಿದುಕೊಂಡಿದೆ.

ವಿಧಿಯ ಹೆಸರಿನಲ್ಲಿ

ಇಷ್ಟೆಲ್ಲಕ್ಕೂ ಒಂದು ತಾತ್ವಿಕ ಹೊದಿಕೆ ಬೇಕಲ್ಲವೇ? 1845ರಲ್ಲಿ ಪತ್ರಕರ್ತ ಜಾನ್ ಓಸಲಿವನ್ ಅದನ್ನು ಒದಗಿಸಿದರು. ಖಂಡದ ಉದ್ದಗಲಕ್ಕೂ ಹರಡಿಕೊಳ್ಳುವುದು ಅಮೆರಿಕದ ಜನರಿಗೆ ವಿಧಿಯೇ ಬರೆದಿಟ್ಟ ಪಾಲು ಎಂಬರ್ಥದ ‘ಮ್ಯಾನಿಫೆಸ್ಟ್ ಡೆಸ್ಟಿನಿ’ ಎಂಬ ಮಾತು ಅವರ ಪತ್ರಿಕೆಯಿಂದ ಜನಪ್ರಿಯವಾಯಿತು. ಆ ಮಾತು ವಿಸ್ತರಣೆಗೆ ಕಾರಣವೆಂದು ಪಠ್ಯಪುಸ್ತಕಗಳು ಹೇಳುವುದುಂಟು. ಅರವತ್ತು ವರ್ಷಗಳಿಂದ ನಡೆದೇ ಇದ್ದ ಕೆಲಸಕ್ಕೆ ಅದು ಕೊನೆಗೆ ಸಿಕ್ಕ ಹೆಸರು ಎಂದರೆ ಹೆಚ್ಚು ಸರಿಯಾದೀತು.

ಸಂದರ್ಭ ಟೆಕ್ಸಸ್‌ನದು. ಮೆಕ್ಸಿಕೋ ತನ್ನ ವಿರಳ ಜನವಸತಿಯ ಉತ್ತರ ಪ್ರಾಂತ್ಯದಲ್ಲಿ ನೆಲೆಸಲು ಅಮೆರಿಕನ್ನರಿಗೆ ತಾನೇ ಅವಕಾಶ ಕೊಟ್ಟಿತ್ತು. ಅವರು ಗುಲಾಮರೊಂದಿಗೆ ಬಂದರು. ಮೆಕ್ಸಿಕೋ 1829ರಲ್ಲಿ ಗುಲಾಮಗಿರಿಯನ್ನು ರದ್ದುಮಾಡಿದಾಗ ಕಸಿವಿಸಿಗೊಂಡರು. 1836ರಲ್ಲಿ ಬಂಡೆದ್ದು ಸ್ವತಂತ್ರರಾದರು, 1845ರಲ್ಲಿ ಅಮೆರಿಕವನ್ನು ಸೇರಿದರು. ಅಧ್ಯಕ್ಷ ಜೇಮ್ಸ್ ಪೋಕ್ ಅವರ ಕಣ್ಣು ಕ್ಯಾಲಿಫೋರ್ನಿಯಾದ ಬಂದರುಗಳ ಮೇಲಿತ್ತು. ಗಡಿ ವಿವಾದವಿದ್ದ ಪ್ರದೇಶಕ್ಕೆ ಸೇನೆ ಕಳಿಸಿದರು; ಚಕಮಕಿಯಾಯಿತು; 1846ರಲ್ಲಿ ಯುದ್ಧ ಘೋಷಣೆಯಾಯಿತು. ಅದೇ ವರ್ಷ ಬ್ರಿಟನ್ನಿನೊಂದಿಗೆ ಮಾತುಕತೆಯಲ್ಲೇ 49ನೇ ಅಕ್ಷಾಂಶದವರೆಗಿನ ಆರೆಗನ್ ಸೀಮೆಯನ್ನೂ ಪಡೆಯಲಾಯಿತು. ಬಲಿಷ್ಠನೊಡನೆ ಸಂಧಾನ, ದುರ್ಬಲನೊಡನೆ ಸಮರ.

ಯುದ್ಧವನ್ನು ದೇಶದೊಳಗೇ ವಿರೋಧಿಸಿದವರಿದ್ದರು. ಆಗಿನ್ನೂ ಹೊಸ ಸಂಸದರಾಗಿದ್ದ ಏಬ್ರಹಾಂ ಲಿಂಕನ್, ಅಮೆರಿಕದ ರಕ್ತ ಚೆಲ್ಲಿದ ಸ್ಥಳ ಯಾವುದೆಂದು ತೋರಿಸಿರೆಂದು ಅಧ್ಯಕ್ಷರನ್ನು ಪಟ್ಟುಹಿಡಿದು ಕೇಳಿದರು. ಹೆನ್ರಿ ಡೇವಿಡ್ ಥೋರೋ ತೆರಿಗೆ ಕಟ್ಟಲು ನಿರಾಕರಿಸಿ 1846ರಲ್ಲಿ ಒಂದು ರಾತ್ರಿ ಜೈಲಿನಲ್ಲಿ ಕಳೆದರು. ಆ ನಿಲುವನ್ನು ಸಮರ್ಥಿಸಿ ಅವರು ಬರೆದ ಪ್ರಬಂಧವನ್ನು ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿ ಓದಿ ಮೆಚ್ಚಿ ತಮ್ಮ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯ ಓದುಗರಿಗೆ ಪರಿಚಯಿಸಿದರು.

1848ರ ಫೆಬ್ರವರಿ 2ರಂದು ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದವಾಯಿತು. ಟೆಕ್ಸಸ್ಸನ್ನೂ ಸೇರಿಸಿ ಲೆಕ್ಕ ಹಾಕಿದರೆ ಮೆಕ್ಸಿಕೋ ತನ್ನ ಅರ್ಧಕ್ಕೂ ಹೆಚ್ಚು ನೆಲ ಕಳೆದುಕೊಂಡಿತು. ಅಮೆರಿಕ ಇದಕ್ಕೆ ಕೊಟ್ಟ ಹಣ, ಲೂಸಿಯಾನಾಕ್ಕೆ ಕೊಟ್ಟಷ್ಟೇ, ಒಂದೂವರೆ ಕೋಟಿ ಡಾಲರ್. ವಿಚಿತ್ರವೆಂದರೆ, ಸಹಿ ಬೀಳುವುದಕ್ಕೆ ಒಂಬತ್ತು ದಿನ ಮೊದಲು, ಜನವರಿ 24ರಂದು, ಕ್ಯಾಲಿಫೋರ್ನಿಯಾದ ಮರ ಕೊಯ್ಯುವ ಗಿರಣಿಯೊಂದರ ನೀರುಗಾಲುವೆಯಲ್ಲಿ ಜೇಮ್ಸ್ ಮಾರ್ಷಲ್ ಎಂಬ ಬಡಗಿಗೆ ಹೊಳೆಯುವ ಚೂರುಗಳು ಸಿಕ್ಕಿದ್ದವು. ಸಹಿ ಹಾಕಿದ ಎರಡೂ ಕಡೆಯವರಿಗೆ ಆ ಸುದ್ದಿ ತಿಳಿದಿರಲಿಲ್ಲ.

ಮುಂದಿನದು ಚಿನ್ನದ ಹುಚ್ಚು. 1848ರಲ್ಲಿ ಸಾವಿರದಷ್ಟು ಜನರಿದ್ದ ಸ್ಯಾನ್ ಫ್ರಾನ್ಸಿಸ್ಕೊ ಎರಡೇ ವರ್ಷಗಳಲ್ಲಿ ಹಲವು ಸಾವಿರ ಜನರ ನಗರವಾಯಿತು. 1855ರೊಳಗೆ ಸುಮಾರು 3 ಲಕ್ಷ ಮಂದಿ ಕ್ಯಾಲಿಫೋರ್ನಿಯಾಕ್ಕೆ ಬಂದರು. ಕೆಲವರು ಹಡಗಿನಲ್ಲಿ, ಇನ್ನುಳಿದವರು ಕಮಾನು ಬಂಡಿಗಳಲ್ಲಿ. ಸುಮಾರು ಎರಡು ಸಾವಿರ ಮೈಲಿಯ ಆ ಬಂಡಿದಾರಿ ನಾಲ್ಕರಿಂದ ಆರು ತಿಂಗಳ ಪಯಣ. ಚಲನಚಿತ್ರಗಳಲ್ಲಿ ದಾರಿಯುದ್ದಕ್ಕೂ ಬಾಣಗಳ ಮಳೆ ಸುರಿಯುತ್ತದೆ. ವಾಸ್ತವದಲ್ಲಿ ವಲಸಿಗರನ್ನು ಕೊಂದದ್ದು ಹೆಚ್ಚಾಗಿ ಕಾಲರಾ, ಬಂಡಿ ಅಪಘಾತ ಮತ್ತು ನದಿ ದಾಟುವಾಗಿನ ಸೆಳವು.

ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳಿಗೆ ಅದು ಪ್ರಳಯಕಾಲ. 1840ರ ದಶಕದ ಕೊನೆಯಲ್ಲಿ ಸುಮಾರು ಒಂದೂವರೆ ಲಕ್ಷವಿದ್ದ ಅವರ ಸಂಖ್ಯೆ 1870ರ ದಶಕಕ್ಕೆ 30 ಸಾವಿರದ ಆಸುಪಾಸಿಗೆ ಕುಸಿಯಿತೆಂಬುದು ಇತಿಹಾಸಕಾರರ ಅಂದಾಜು. ರೋಗವೊಂದೇ ಇದಕ್ಕೆ ಕಾರಣವಲ್ಲ. ಸ್ವಯಂಸೇವಕ ದಳಗಳು ಹಳ್ಳಿಗಳ ಮೇಲೆ ಬಿದ್ದು ಕೊಂದವು. ರಾಜ್ಯ ಸರ್ಕಾರ ಅದರ ವೆಚ್ಚ ಭರಿಸಿತು. ‘ರಕ್ಷಣೆ’ ಎಂಬ ಪದವನ್ನು ಹೆಸರಿನಲ್ಲೇ ಹೊತ್ತ 1850ರ ಕಾಯಿದೆಯ ನೆರಳಲ್ಲಿ ಅವರ ಮಕ್ಕಳನ್ನು ಜೀತಕ್ಕೆ ಇಟ್ಟುಕೊಳ್ಳಲಾಯಿತು. 2019ರಲ್ಲಿ ಅಲ್ಲಿನ ಗವರ್ನರ್ ಗ್ಯಾವಿನ್ ನ್ಯೂಸಮ್ ಇದನ್ನು ನರಮೇಧವೆಂದೇ ಕರೆದು ಕ್ಷಮೆ ಯಾಚಿಸಿದರು.

ಅಂತರ್ಯುದ್ಧ, ಮತ್ತು ಕಾರವಾರ

ಗೆದ್ದ ನೆಲವೇ ಗೆದ್ದವರನ್ನು ಒಡೆಯಿತು. ಹೊಸ ಪ್ರದೇಶ ಸೇರಿದಾಗಲೆಲ್ಲ ಒಂದೇ ಪ್ರಶ್ನೆ ಏಳುತ್ತಿತ್ತು: ಅಲ್ಲಿ ಗುಲಾಮರನ್ನು ಇಟ್ಟುಕೊಳ್ಳಬಹುದೇ? ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ ಎರಡು ಸ್ಥಾನಗಳಿದ್ದುದರಿಂದ ಅದು ಅಧಿಕಾರದ ಪ್ರಶ್ನೆಯೂ ಹೌದು. 1820ರ ಮಿಸೌರಿ ಒಪ್ಪಂದ ನಕ್ಷೆಯ ಮೇಲೊಂದು ಗೆರೆ ಎಳೆದು ಮೂವತ್ತು ವರ್ಷ ತೇಪೆ ಹಚ್ಚಿತು. 1850ರಲ್ಲಿ ಮತ್ತೊಂದು ತೇಪೆ. 1854ರಲ್ಲಿ ಸೆನೆಟರ್ ಸ್ಟೀಫನ್ ಡಗ್ಲಾಸ್, ಪೆಸಿಫಿಕ್ ರೈಲು ಷಿಕಾಗೋದಿಂದ ಹೊರಡಲೆಂಬ ಆಸೆಯೂ ಸೇರಿ, ಕ್ಯಾನ್ಸಸ್ ಮತ್ತು ನೆಬ್ರಾಸ್ಕ ಪ್ರದೇಶಗಳ ಜನರೇ ಮತ ಹಾಕಿ ಗುಲಾಮಗಿರಿಯನ್ನು ನಿರ್ಧರಿಸಲೆಂದು ಕಾಯಿದೆ ತಂದರು. ಎರಡೂ ಪಕ್ಷದವರು ಬಂದೂಕು ಹಿಡಿದು ಕ್ಯಾನ್ಸಸ್‌ಗೆ ನುಗ್ಗಿದರು. ಅದೇ ವರ್ಷ ರಿಪಬ್ಲಿಕನ್ ಪಕ್ಷ ಹುಟ್ಟಿತು. ಗುಲಾಮಗಿರಿ ಪಶ್ಚಿಮಕ್ಕೆ ಹರಡಕೂಡದೆಂದ ಲಿಂಕನ್ 1860ರಲ್ಲಿ ಗೆದ್ದಾಗ ದಕ್ಷಿಣದ ರಾಜ್ಯಗಳು ಒಂದೊಂದಾಗಿ ಒಕ್ಕೂಟ ತೊರೆದವು. ನಾಲ್ಕು ವರ್ಷಗಳ ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು.

ಆ ಕಂಪನ ಕನ್ನಡ ನಾಡಿಗೂ ಮುಟ್ಟಿತು. 1840ರ ದಶಕದಲ್ಲೇ ಈಸ್ಟ್ ಇಂಡಿಯಾ ಕಂಪೆನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆಸಿ ಭಾರತದ ಹಲವೆಡೆ ಪ್ರಯೋಗ ನಡೆಸಿತ್ತು. ಧಾರವಾಡ ಸೀಮೆಯ ಎರೆಭೂಮಿಯಲ್ಲಿ ನ್ಯೂ ಆರ್ಲಿಯನ್ಸ್ ತಳಿ ಚೆನ್ನಾಗಿ ಒಗ್ಗಿ, ಪೇಟೆಯಲ್ಲಿ ‘ಧಾರವಾಡ-ಅಮೆರಿಕನ್’ ಎಂಬ ಹೆಸರು ಪಡೆಯಿತು. 1861ರಲ್ಲಿ ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದಾಗ ಮ್ಯಾಂಚೆಸ್ಟರ್ ಗಿರಣಿಗಳ ಕಣ್ಣು ಇತ್ತ ತಿರುಗಿತು. ಈ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದ ಮೂಲಕ ಸಾಗಿಸಬೇಕೆಂದು ಅಲ್ಲಿನ ವರ್ತಕರು ಒತ್ತಡ ತಂದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ ಈ ಹತ್ತಿಯ ರಾಜಕಾರಣವಿತ್ತು. 1865ರಲ್ಲಿ ಯುದ್ಧ ಮುಗಿಯುತ್ತಲೇ ದರ ನೆಲಕಚ್ಚಿತು. ಮುಂಬಯಿಯಲ್ಲಿ ಹತ್ತಿಯ ಹಣದಿಂದ ಉಬ್ಬಿದ್ದ ಷೇರುಪೇಟೆ ಒಡೆದು ಚೂರಾಯಿತು.

1862ರ ಬೇಸಿಗೆ

ದಕ್ಷಿಣದ ಪ್ರತಿನಿಧಿಗಳು ಎದ್ದುಹೋದ ಸಂಸತ್ತಿನಲ್ಲಿ ಅಲ್ಲಿಯವರೆಗೆ ಅವರು ತಡೆದಿಟ್ಟಿದ್ದ ಮೂರು ಕಾಯಿದೆಗಳು ಆರೇ ವಾರಗಳಲ್ಲಿ ಜಾರಿಯಾದವು. ಅಮೆರಿಕದ ಈಗಿನ ಪಶ್ಚಿಮವನ್ನು ರೂಪಿಸಿದ್ದು ಬಹುಪಾಲು ಇವೇ. ಮೇ 20ರ ಹೋಮ್‌ಸ್ಟೆಡ್ ಕಾಯಿದೆ, ಐದು ವರ್ಷ ನೆಲೆಸಿ ಉತ್ತವನಿಗೆ 160 ಎಕರೆಯನ್ನು ಹೆಚ್ಚುಕಡಿಮೆ ಉಚಿತವಾಗಿ ಕೊಟ್ಟಿತು. ಕಾಲಾನಂತರದಲ್ಲಿ ಇದರಡಿ ಸುಮಾರು 16 ಲಕ್ಷ ಹಕ್ಕುಪತ್ರಗಳು, 27 ಕೋಟಿ ಎಕರೆ ಭೂಮಿ ಹಂಚಿಕೆಯಾದವು. ಜುಲೈ 1ರದು ಪೆಸಿಫಿಕ್ ರೈಲ್ವೆ ಕಾಯಿದೆ. ರೈಲು ಕಂಪೆನಿಗಳಿಗೆ ಒಟ್ಟಾರೆ ಸಿಕ್ಕ ಒಕ್ಕೂಟದ ಭೂಮಿ ಸುಮಾರು 13 ಕೋಟಿ ಎಕರೆ. ಬಡ ರೈತನ ಹೆಸರಿನಲ್ಲಿ ತೆರೆದ ಉಗ್ರಾಣದಿಂದ ಶ್ರೀಮಂತರ ಬಂಡಿಗಳೂ ತುಂಬಿಕೊಂಡು ಹೋದವು.

ಮರುದಿನ ಬಂದದ್ದು ಮೊರಿಲ್ ಕಾಯಿದೆ. ಭೂಮಿ ಮಾರಿದ ಹಣದಿಂದ ಪ್ರತಿ ರಾಜ್ಯವೂ ಕೃಷಿ ಮತ್ತು ತಂತ್ರಶಿಕ್ಷಣದ ಕಾಲೇಜು ನಡೆಸುವ ಏರ್ಪಾಡದು. ಬೋಧನೆ, ಸಂಶೋಧನೆ, ವಿಸ್ತರಣೆ ಒಂದೇ ಸೂರಿನಡಿ ಇರುವ ಆ ಮಾದರಿಯನ್ನೇ 1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಅನುಸರಿಸಿತು. ಟೆನೆಸ್ಸಿ ವಿಶ್ವವಿದ್ಯಾಲಯ ಅದಕ್ಕೆ ನೆರವಾಯಿತು. ಮೊರಿಲ್ ಕಾಯಿದೆಯಡಿ ಮಾರಾಟವಾದ ಸುಮಾರು 1 ಕೋಟಿ 7 ಲಕ್ಷ ಎಕರೆ ಸುಮಾರು 250 ಮೂಲನಿವಾಸಿ ಸಮುದಾಯಗಳಿಂದ ಬಂದದ್ದೆಂದು 2020ರಲ್ಲಿ ಅಮೆರಿಕದ ಪತ್ರಿಕೆಯೊಂದರ ತನಿಖೆ ಲೆಕ್ಕ ಕೊಟ್ಟಿತು. ಅದೇ 1862ರ ಡಿಸೆಂಬರ್ 26ರಂದು, ಒಪ್ಪಂದದ ಹಣ ಬಾರದೆ ಹಸಿವಿನಿಂದ ದಂಗೆಯೆದ್ದ ಡಕೋಟ ಜನಾಂಗದ 38 ಗಂಡಸರನ್ನು ಮಿನೆಸೋಟದ ಮಂಕೇಟೊದಲ್ಲಿ ಒಟ್ಟಿಗೆ ಗಲ್ಲಿಗೇರಿಸಲಾಯಿತು. ಅಮೆರಿಕದ ಇತಿಹಾಸದ ಅತಿ ದೊಡ್ಡ ಸಾಮೂಹಿಕ ಗಲ್ಲುಶಿಕ್ಷೆ ಅದು.

ರೈಲುದಾರಿಯ ಪಶ್ಚಿಮ ಭಾಗವನ್ನು ಕಟ್ಟಿದವರಲ್ಲಿ ಬಹುಪಾಲು ಚೀನೀ ಕಾರ್ಮಿಕರು. ಸಿಯೆರಾ ನೆವಾಡದ ಕಗ್ಗಲ್ಲನ್ನು ಸಿಡಿಮದ್ದಿನಿಂದ ಕೊರೆದು, ಹಿಮಪಾತಕ್ಕೆ ಸಿಕ್ಕಿ ಸತ್ತವರೆಷ್ಟೋ. 1869ರ ಮೇ 10ರಂದು ಯೂಟಾದ ಪ್ರೊಮಂಟರಿಯಲ್ಲಿ ಎರಡೂ ಹಳಿಗಳು ಕೂಡಿದವು. ತಿಂಗಳುಗಳ ಹಾದಿ ಒಂದು ವಾರಕ್ಕಿಳಿಯಿತು. ಹದಿಮೂರು ವರ್ಷಗಳ ನಂತರ, 1882ರಲ್ಲಿ, ಚೀನೀ ಕಾರ್ಮಿಕರ ವಲಸೆಯನ್ನೇ ನಿಷೇಧಿಸುವ ಕಾಯಿದೆ ಬಂತು.

ರೈಲು ಬಂದದ್ದೇ ಬಯಲುಸೀಮೆಯ ಬೈಸನ್ ಹಿಂಡುಗಳಿಗೆ ಮೃತ್ಯು ಬಂದಂತಾಯಿತು. ನಮ್ಮ ಕಾಟಿಯ ದೂರದ ದಾಯಾದಿಯಾದ ಈ ಪ್ರಾಣಿ ಶತಮಾನದ ಆರಂಭದಲ್ಲಿ ಸುಮಾರು ಮೂರು ಕೋಟಿಯಷ್ಟಿತ್ತೆಂದು ಅಂದಾಜು. ಅದರ ತೊಗಲನ್ನು ಯಂತ್ರದ ಪಟ್ಟಿಗಳಿಗೆ ಒದಗುವಂತೆ ಹದ ಮಾಡುವ ವಿಧಾನ 1870ರ ದಶಕದ ಆರಂಭದಲ್ಲಿ ಬಂದ ಮೇಲೆ ಬೇಟೆಗಾರರು ಚರ್ಮ ಸುಲಿದು ಮಾಂಸವನ್ನು ಕೊಳೆಯಲು ಬಿಟ್ಟರು. 1880ರ ದಶಕದ ಕೊನೆಗೆ ಕೆಲವೇ ನೂರು ಉಳಿದಿದ್ದವು. ಅನ್ನ, ಬಟ್ಟೆ, ಡೇರೆ ಎಲ್ಲಕ್ಕೂ ಅದನ್ನೇ ನಂಬಿದ್ದ ಲಕೋಟ, ಷೈಯನ್ ಮುಂತಾದ ಜನಾಂಗಗಳು ಸರ್ಕಾರದ ಪಡಿಗೆ ಕೈಚಾಚಬೇಕಾಯಿತು. ಸೇನಾಧಿಕಾರಿಗಳಲ್ಲಿ ಅನೇಕರಿಗೆ ಇದು ಸಮಾಧಾನದ ಸಂಗತಿಯಾಗಿತ್ತು. 1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಎಂಬಲ್ಲಿ ಸೈನ್ಯ ಹೆಂಗಸರು ಮಕ್ಕಳೆನ್ನದೆ ಲಕೋಟರನ್ನು ಕೊಂದ ಮೇಲೆ ಸಶಸ್ತ್ರ ಪ್ರತಿರೋಧ ಬಹುಮಟ್ಟಿಗೆ ಮುಗಿಯಿತು.

ಬಂದೂಕಿಗಿಂತ ಹೆಚ್ಚು ನೆಲ ಕಸಿದದ್ದು ಕಾಗದ. 1887ರ ಡಾಸ್ ಕಾಯಿದೆ ಸಮುದಾಯದ ಒಡೆತನದಲ್ಲಿದ್ದ ಮೀಸಲು ಪ್ರದೇಶಗಳನ್ನು ತುಂಡರಿಸಿ ಮನೆಗಿಷ್ಟು ಎಂದು ಹಂಚಿ, ‘ಹೆಚ್ಚುವರಿ’ಯನ್ನು ಬಿಳಿಯರಿಗೆ ಮಾರಲು ದಾರಿ ಮಾಡಿತು. 13 ಕೋಟಿ 80 ಲಕ್ಷ ಎಕರೆಯಿದ್ದ ಮೂಲನಿವಾಸಿಗಳ ಭೂಮಿ 1934ರ ಹೊತ್ತಿಗೆ 4 ಕೋಟಿ 80 ಲಕ್ಷಕ್ಕೆ ಇಳಿದಿತ್ತು. 1879ರಲ್ಲಿ ಆರಂಭವಾದ ಕಾರ್ಲೈಲ್ ಶಾಲೆಯಂಥ ವಸತಿಶಾಲೆಗಳಲ್ಲಿ ಮಕ್ಕಳ ಕೂದಲು ಕತ್ತರಿಸಿ, ತಾಯ್ನುಡಿಗೆ ಶಿಕ್ಷೆ ವಿಧಿಸಲಾಯಿತು.

ಮಳೆ ನೇಗಿಲನ್ನು ಹಿಂಬಾಲಿಸಲಿಲ್ಲ

ಪಶ್ಚಿಮಕ್ಕೆ ಹೋದ ರೈತನ ಕಥೆಯೂ ಸುಖಾಂತವಲ್ಲ. 100ನೇ ರೇಖಾಂಶದಾಚೆ ವರ್ಷಕ್ಕೆ ಇಪ್ಪತ್ತು ಇಂಚಿಗಿಂತ ಕಡಿಮೆ ಮಳೆ. ಅಲ್ಲಿ 160 ಎಕರೆ ಒಂದು ಸಂಸಾರವನ್ನು ಸಾಕದು. ಉತ್ತರೆ ಮಳೆ ತಾನಾಗಿ ಬರುತ್ತದೆಂದು ಭೂ ದಲ್ಲಾಳಿಗಳು, ಕೆಲವು ವಿದ್ವಾಂಸರು ಸಹ, ನಂಬಿಸಿದ್ದರು. ಭೂವಿಜ್ಞಾನಿ ಜಾನ್ ವೆಸ್ಲಿ ಪವೆಲ್ 1878ರ ವರದಿಯಲ್ಲಿ ಒಣಸೀಮೆಗೆ ಚೌಕದ ಲೆಕ್ಕ ಸರಿಹೋಗದು, ನೀರಿನ ಲಭ್ಯತೆ ನೋಡಿ ಗಡಿ ಹಾಕಿರೆಂದರು. ಹುಲ್ಲುಗಾವಲಿನ ರೈತನಿಗೆ 2,560 ಎಕರೆ ಬೇಕೆಂದರು. ಅವರ ಮಾತನ್ನು ಸಂಸತ್ತು ಕಿವಿಗೆ ಹಾಕಿಕೊಳ್ಳಲಿಲ್ಲ. ಉಕ್ಕಿನ ನೇಗಿಲು ಬಯಲಿನ ಹುಲ್ಲುಬೇರನ್ನು ಕಿತ್ತುಹಾಕಿತು. 1874ರಲ್ಲಿ ಜೋಸೆಫ್ ಗ್ಲಿಡನ್ ಪೇಟೆಂಟ್ ಪಡೆದ ಮುಳ್ಳುತಂತಿ ಬಯಲನ್ನು ಬೇಲಿಯೊಳಗೆ ಹಾಕಿತು. 1930ರ ದಶಕದ ಬರದಲ್ಲಿ ಬೇರಿಲ್ಲದ ಮಣ್ಣು ಗಾಳಿಗೆ ಎದ್ದು ಮೋಡವಾಗಿ ಪೂರ್ವದ ನಗರಗಳವರೆಗೆ ತೇಲಿತು.

ಈ ವಿಸ್ತರಣೆಯಿಂದ ಒಳಿತಾಗಲಿಲ್ಲವೇ ಎಂದರೆ, ಆಯಿತು. ಜಗತ್ತಿನ ಕಣಜಗಳಲ್ಲೊಂದು ಅಲ್ಲಿ ಸಿದ್ಧವಾಯಿತು. ಯುರೋಪಿನಲ್ಲಿ ಜಮೀನ್ದಾರರ ಹಂಗಿನಲ್ಲಿದ್ದ ಲಕ್ಷಾಂತರ ಬಡವರು ಸ್ವಂತ ಹೊಲ ಕಂಡರು. 1869ರಲ್ಲೇ ವಯೋಮಿಂಗ್ ಪ್ರದೇಶ ಹೆಂಗಸರಿಗೆ ಮತದಾನದ ಹಕ್ಕು ಕೊಟ್ಟಿತು, ದೇಶಕ್ಕೆ ಅದು ಬರಲು 1920ರವರೆಗೆ ಕಾಯಬೇಕಾಯಿತು. 1872ರಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾಯಿತು. 1890ರ ಜನಗಣತಿ, ಇನ್ನು ಮುಂದೆ ಗಡಿರೇಖೆ ಎಂದು ಗುರುತಿಸುವಂಥದೇನೂ ಉಳಿದಿಲ್ಲವೆಂದಿತು. ಮೂರು ವರ್ಷಗಳ ಬಳಿಕ ಷಿಕಾಗೋದಲ್ಲಿ ಇತಿಹಾಸಕಾರ ಫ್ರೆಡರಿಕ್ ಜಾಕ್ಸನ್ ಟರ್ನರ್, ಅಮೆರಿಕದ ಪ್ರಜಾಪ್ರಭುತ್ವದ ಗುಣವನ್ನು ರೂಪಿಸಿದ್ದು ಈ ಮುಂದೆ ಸರಿಯುವ ಗಡಿಯೇ ಎಂದು ವಾದಿಸಿದರು. ಅವರ ಚಿತ್ರದಲ್ಲಿ ಆ ನೆಲ ಬಹುತೇಕ ಖಾಲಿಯಾಗಿತ್ತು. ಇಂದಿನ ಇತಿಹಾಸಕಾರರು ಅದನ್ನು ಒಪ್ಪುವುದು ಕಡಿಮೆ.

ಹಳೆಯ ಕಾಗದಗಳು ಈಗಲೂ ಮಾತನಾಡುತ್ತಿವೆ. 2020ರ ಜುಲೈನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಕಣ್ಣೀರಿನ ದಾರಿಯ ಕೊನೆಯಲ್ಲಿ ಕ್ರೀಕ್ ಜನರಿಗೆ ಮಾತುಕೊಟ್ಟಿದ್ದ ಪೂರ್ವ ಒಕ್ಲಹೋಮದ ಮೀಸಲು ಪ್ರದೇಶ ಎಂದೂ ರದ್ದಾಗಿಲ್ಲವೆಂದು 5-4 ಬಹುಮತದಿಂದ ತೀರ್ಪಿತ್ತಿತು. ಟಲ್ಸ ನಗರದ ಬಹುಭಾಗ ಅದರೊಳಗಿದೆ. ಎರಡು ವರ್ಷಗಳ ನಂತರ ಇನ್ನೊಂದು ತೀರ್ಪು ಅಲ್ಲಿ ರಾಜ್ಯದ ಪೊಲೀಸರಿಗೂ ಒಂದಿಷ್ಟು ಅಧಿಕಾರ ಮರಳಿಸಿತು.

ದಕ್ಷಿಣ ಡಕೋಟದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳ ವ್ಯಾಜ್ಯ ಇದಕ್ಕಿಂತ ಹಳೆಯದು. 1868ರ ಒಪ್ಪಂದ ಆ ಬೆಟ್ಟಗಳನ್ನು ಲಕೋಟರಿಗೆ ಬಿಟ್ಟಿತ್ತು. ವಯಸ್ಕ ಗಂಡಸರಲ್ಲಿ ಮುಕ್ಕಾಲು ಪಾಲು ಜನರ ಸಹಿಯಿಲ್ಲದೆ ಪರಭಾರೆ ಕೂಡದೆಂದಿತ್ತು. 1874ರಲ್ಲಿ ಚಿನ್ನ ಸಿಕ್ಕಿತು. 1876ರ ಜೂನ್‌ನಲ್ಲಿ ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಲಕೋಟರೂ ಷೈಯನ್ನರೂ ಸೇರಿ ಕಸ್ಟರ್‌ನ ಪಡೆಯನ್ನು ನಿರ್ನಾಮ ಮಾಡಿದರು. ಮರುವರ್ಷ, ಶೇಕಡ ಹತ್ತರಷ್ಟು ಗಂಡಸರ ಸಹಿಯನ್ನಷ್ಟೇ ಹಿಡಿದು, ಸಂಸತ್ತು ಬೆಟ್ಟಗಳನ್ನು ವಶಪಡಿಸಿಕೊಂಡಿತು. 1980ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದಕ್ಕೆ ಬಡ್ಡಿಸಹಿತ ಸುಮಾರು 10 ಕೋಟಿ 60 ಲಕ್ಷ ಡಾಲರ್ ಪರಿಹಾರ ಸಲ್ಲಬೇಕೆಂದಿತು. ಲಕೋಟರು ಮತ್ತವರ ಬಂಧು ಜನಾಂಗಗಳು ಹಣ ಮುಟ್ಟಲಿಲ್ಲ. ತಮಗೆ ಬೇಕಾದದ್ದು ಬೆಟ್ಟ ಎಂದರು. ಸರ್ಕಾರದ ಖಾತೆಯಲ್ಲಿ ಬೆಳೆಯುತ್ತಿರುವ ಆ ಮೊತ್ತ ನೂರು ಕೋಟಿ ಡಾಲರ್ ದಾಟಿದೆ. ದೇಶದಲ್ಲಿ ಅತ್ಯಂತ ಬಡ ಜಿಲ್ಲೆಗಳ ಪಟ್ಟಿಯಲ್ಲಿ ಅವರ ಮೀಸಲು ಪ್ರದೇಶಗಳು ಇಂದಿಗೂ ಇವೆ. ಆ ಬೆಟ್ಟಗಳ ಒಂದು ಬಂಡೆಯಲ್ಲಿ 1927ರಿಂದ 1941ರವರೆಗೆ ನಾಲ್ವರು ಅಧ್ಯಕ್ಷರ ಮುಖಗಳನ್ನು ಕೆತ್ತಲಾಯಿತು. ಅವುಗಳಲ್ಲಿ ಲೂಸಿಯಾನಾವನ್ನು ಕೊಂಡ ಜೆಫರ್ಸನ್, ಹೋಮ್‌ಸ್ಟೆಡ್ ಕಾಯಿದೆಗೆ ಸಹಿ ಹಾಕಿದ ಲಿಂಕನ್ ಇದ್ದಾರೆ.